ಔಷಧಿಗೆ ಹುಳು ಸತ್ತಿತೇ? ಮೊಟ್ಟೆ ಎಣಿಸಿ ಜಂತುನಾಶಕವನ್ನು ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಜಂತುನಾಶಕ ಕುಡಿಸಿದ ದಿನವೇ ಕೆಲಸ ಮುಗಿಯಿತೆಂದು ಹೆಚ್ಚಿನವರು ಕೈ ತೊಳೆದುಕೊಳ್ಳುತ್ತಾರೆ. ಔಷಧಿ ಗಂಟಲಿಗೆ ಇಳಿದದ್ದು ಕಣ್ಣಿಗೆ ಕಂಡಿರುತ್ತದೆ, ಹುಳು ಸತ್ತದ್ದು ಯಾರಿಗೂ ಕಂಡಿರುವುದಿಲ್ಲ. ಹದಿನೈದು ದಿನ ಕಳೆದರೂ ಕುರಿಯ ಕಣ್ಣುರೆಪ್ಪೆಯ ಒಳಭಾಗ ಬಿಳಿಚಿಕೊಂಡೇ ಇದ್ದರೆ, ಗದ್ದದ ಕೆಳಗೆ ತುಂಬಿಕೊಂಡ ನೀರು ಇಳಿಯದಿದ್ದರೆ, ಮತ್ತೊಂದು ಬಾಟಲಿ ತರುತ್ತಾರೆ. ಎಷ್ಟೋ ಸಲ ಬಾಟಲಿಯ ಮೇಲಿನ ಹೆಸರು ಮಾತ್ರ ಬೇರೆ, ಒಳಗಿರುವುದು ಅದೇ ಔಷಧಿ. ಈ ಸುತ್ತಾಟದಲ್ಲಿ ಮಂದೆ ಸೊರಗುತ್ತದೆ, ಹುಳು ಬಲಿಯುತ್ತದೆ.

ಇದರಿಂದ ಹೊರಬರುವ ದಾರಿ ದೊಡ್ಡ ಪ್ರಯೋಗಾಲಯವನ್ನೇನೂ ಕೇಳುವುದಿಲ್ಲ. ಔಷಧಿ ಕೊಡುವ ಮೊದಲು ಹಿಕ್ಕೆಯಲ್ಲಿರುವ ಹುಳುವಿನ ಮೊಟ್ಟೆಗಳನ್ನು ಎಣಿಸಬೇಕು, ಕೊಟ್ಟು ನಿಗದಿತ ದಿನಗಳಾದ ಮೇಲೆ ಮತ್ತೆ ಎಣಿಸಬೇಕು, ಎಷ್ಟು ಪಾಲು ಇಳಿಯಿತೆಂದು ಲೆಕ್ಕ ಹಾಕಬೇಕು. ಪರಾವಲಂಬಿ ಶಾಸ್ತ್ರದಲ್ಲಿ ಇದನ್ನು ಮೊಟ್ಟೆ ಎಣಿಕೆ ಇಳಿಕೆ ಪರೀಕ್ಷೆ ಎನ್ನುತ್ತಾರೆ. ಕುರಿ ಮೇಕೆಗಳಲ್ಲಿ ಇದನ್ನು ಮಾಡುವ ಬಗೆಯನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ. ಮನುಷ್ಯರಲ್ಲಿ ಇದೇ ಪರೀಕ್ಷೆ ಯಾವ ರೂಪ ತಾಳುತ್ತದೆ ಎಂಬುದು ಆಮೇಲೆ ಬರುತ್ತದೆ. ಪಶುವೈದ್ಯಕೀಯ ವಿದ್ಯಾರ್ಥಿಗಳಿಗೆ, ಪಶುವೈದ್ಯರ ನೆರವಿರುವ ಸಾಕಣೆದಾರರಿಗೆ, ಆರೋಗ್ಯ ಕಾರ್ಯಕರ್ತರಿಗೆ ಇದು ಉಪಯೋಗಕ್ಕೆ ಬರಲಿ.

ಎಣಿಸಲೇಬೇಕೇ ಎಂದು ಕೇಳುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ಥಯಾಬೆಂಡಜೋಲ್ ಎಂಬ ಜಂತುನಾಶಕ 1961ರಲ್ಲಿ ಬಂದಾಗ ಕುರಿ ಸಾಕುವವರ ಪಾಲಿಗೆ ಅದು ವರವಾಗಿತ್ತು. 1964ರ ಹೊತ್ತಿಗಾಗಲೇ ಅದಕ್ಕೆ ಜಗ್ಗದ, ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹೀಮಾಂಕಸ್ ಎಂಬ ಹುಳುಗಳ ವರದಿ ಪ್ರಕಟವಾಗಿತ್ತು. ಪ್ರಾಣಿಗಳಿಗೆಂದು 1981ರಲ್ಲಿ ಮಾರುಕಟ್ಟೆಗೆ ಬಂದ ಐವರ್ಮೆಕ್ಟಿನ್, ಅದನ್ನು ಕಂಡುಹಿಡಿದ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಓಮುರಾ ಅವರಿಗೆ 2015ರಲ್ಲಿ ನೊಬೆಲ್ ತಂದುಕೊಟ್ಟಿತು. ಆದರೆ ಅದಕ್ಕೂ ಒಗ್ಗಿಕೊಂಡ ಕುರಿಯ ಹುಳುಗಳು 1980ರ ದಶಕ ಮುಗಿಯುವುದರೊಳಗೇ ಕಾಣಿಸಿಕೊಂಡಿದ್ದವು. ಹುಳು ನಮಗಿಂತ ಬೇಗ ಕಲಿಯುತ್ತದೆ. ಒಂದು ಹೆಣ್ಣು ಹೀಮಾಂಕಸ್ ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಅಷ್ಟು ಸಂತತಿಯಲ್ಲಿ ಔಷಧಿಯನ್ನು ತಾಳಿಕೊಳ್ಳುವ ಕೆಲವು ಹುಟ್ಟಿಯೇ ಹುಟ್ಟುತ್ತವೆ. ನಾವು ಔಷಧಿ ಕೊಟ್ಟಾಗಲೆಲ್ಲ ಉಳಿದವನ್ನು ಕೊಂದು ಅವಕ್ಕೆ ಜಾಗ ಬಿಟ್ಟುಕೊಡುತ್ತೇವೆ.

ಕೈಗವಸು ಹಾಕಿಕೊಂಡ ಮೇಲೆ ಮುಂದಿನ ಮಾತು

ಕುರಿಯ ಹಿಕ್ಕೆಯಲ್ಲಿರುವ ದುಂಡುಹುಳುಗಳ ಹಸಿ ಮೊಟ್ಟೆಗಳಿಂದ ಮನುಷ್ಯರಿಗೆ ಅಪಾಯ ಕಡಿಮೆ. ಆದರೂ ಅದರಲ್ಲಿ ಬೇರೆ ರೋಗಾಣುಗಳಿರುತ್ತವೆ. ಕೈಗವಸು, ಮೇಲಂಗಿ, ಕೆಲಸ ಮುಗಿದ ಮೇಲೆ ಸಾಬೂನಿನ ಸ್ನಾನ ಅಥವಾ ಕನಿಷ್ಠ ಮೊಣಕೈವರೆಗೆ ತೊಳೆದ ಕೈ ಕಡ್ಡಾಯ. ನಾಯಿಯ ಮಲ ಮಾತ್ರ ಬೇರೆಯೇ ದರ್ಜೆಯದು. ಅದರಲ್ಲಿ ಎಕಿನೊಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಮೊಟ್ಟೆಗಳಿರಬಹುದು. ಅವು ಹೊರಬಿದ್ದ ಗಳಿಗೆಯಿಂದಲೇ ಸೋಂಕು ಹರಡಬಲ್ಲವು, ಮನುಷ್ಯನ ಪಿತ್ತಜನಕಾಂಗ ಮತ್ತು ಶ್ವಾಸಕೋಶದಲ್ಲಿ ನೀರುಗಂಟುಗಳನ್ನು ಬೆಳೆಸಬಲ್ಲವು. ಮದ್ಯಸಾರವಾಗಲಿ ಫಾರ್ಮಲಿನ್ ಆಗಲಿ ಅವನ್ನು ನೆಚ್ಚುವಂತೆ ಕೊಲ್ಲುವುದಿಲ್ಲ. ಮೈನಸ್ 80 ಡಿಗ್ರಿಯಲ್ಲಿ ಹಲವು ದಿನ ಇಟ್ಟ ಮೇಲಷ್ಟೇ ಅಂಥ ಮಾದರಿಯನ್ನು ಪ್ರಯೋಗಾಲಯಗಳು ಮುಟ್ಟುತ್ತವೆ. ಆ ಸೌಲಭ್ಯ ಇಲ್ಲದವರು ನಾಯಿಯ ಮಲದ ಅಧ್ಯಯನಕ್ಕೆ ಕೈ ಹಾಕಬಾರದು. ಮನುಷ್ಯರ ಮಲದಲ್ಲಿ ಹಂದಿ ಲಾಡಿಹುಳುವಿನ ಮೊಟ್ಟೆ ಇದ್ದರೆ ಅದೂ ಇಷ್ಟೇ ಅಪಾಯಕಾರಿ. ಹೊಟ್ಟೆಗೆ ಹೋದರೆ ಮಿದುಳಿನಲ್ಲಿ ಗಂಟು ಕಟ್ಟಬಲ್ಲದು.

ಹಂತ 1: ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಬರೆದುಕೊಳ್ಳಿ

ಪುಸ್ತಕದ ಮೊದಲ ಪುಟದಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ: ‘ಈ ಮಂದೆಯಲ್ಲಿ ಈ ಔಷಧಿ, ಈ ಪ್ರಮಾಣದಲ್ಲಿ, ಹೊಟ್ಟೆಯ ದುಂಡುಹುಳುಗಳ ಮೇಲೆ ಕೆಲಸ ಮಾಡುತ್ತಿದೆಯೇ?’ ಮಂದೆ ಒಂದು, ಔಷಧಿ ಒಂದು. ಎರಡು ಔಷಧಿಗಳನ್ನು ಹೋಲಿಸಬೇಕಿದ್ದರೆ ಎರಡು ಗುಂಪು ಮಾಡಿ. ಅರ್ಧ ಮಂದೆಗೆ ಒಂದು, ಉಳಿದದ್ದಕ್ಕೆ ಇನ್ನೊಂದು ಎಂದು ಮನಸ್ಸಿಗೆ ಬಂದಂತೆ ಹಂಚಬೇಡಿ. ಚೀಟಿ ಎತ್ತಿ ಹಂಚಿ. ಕಣ್ಣಳತೆಯಲ್ಲಿ ಹಂಚಿದರೆ ಬಡಕಲು ಪ್ರಾಣಿಗಳು ನಮಗೆ ತಿಳಿಯದಂತೆಯೇ ‘ಒಳ್ಳೆಯದು’ ಎಂದು ನಾವು ನಂಬಿದ ಔಷಧಿಯ ಕಡೆ ಸೇರಿಬಿಡುತ್ತವೆ.

ಗುಂಪಿಗೆ 15 ಪ್ರಾಣಿಗಳಿರಲಿ, 10ಕ್ಕಿಂತ ಕಡಿಮೆ ಬೇಡ. ಮೂರರಿಂದ ಆರು ತಿಂಗಳ ಮರಿಗಳು ಈ ಪರೀಕ್ಷೆಗೆ ತಕ್ಕವು, ಏಕೆಂದರೆ ಅವುಗಳಿಗೆ ಹುಳುವನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಮೊಟ್ಟೆಗಳು ಎಣಿಸುವಷ್ಟು ಸಿಗುತ್ತವೆ. ಹಿಂದಿನ 8ರಿಂದ 12 ವಾರಗಳಲ್ಲಿ ಜಂತುನಾಶಕ ಪಡೆದ ಪ್ರಾಣಿಯನ್ನು ಸೇರಿಸಬೇಡಿ.

ಹಂತ 2: ಉಪ್ಪುನೀರು ತಯಾರಿಸಿ

ಮೊಟ್ಟೆ ಹಗುರ, ಕಸ ಭಾರ. ಇವೆರಡರ ನಡುವಿನ ತೂಕದ ದ್ರವ ಸಿಕ್ಕರೆ ಮೊಟ್ಟೆ ತೇಲುತ್ತದೆ, ಕಸ ಮುಳುಗುತ್ತದೆ. ಅಡುಗೆ ಉಪ್ಪಿನ ಪೂರ್ಣ ಸಾಂದ್ರ ದ್ರಾವಣ ಇದಕ್ಕೆ ಸಾಕು. ಒಂದು ಲೀಟರ್ ಬಿಸಿನೀರಿಗೆ ಸುಮಾರು 400 ಗ್ರಾಂ ಉಪ್ಪು ಹಾಕಿ ಕಲಕಿ. ತಳದಲ್ಲಿ ಕರಗದ ಉಪ್ಪು ಸ್ವಲ್ಪ ಉಳಿಯಬೇಕು, ಅದೇ ದ್ರಾವಣ ತುಂಬಿದ್ದಕ್ಕೆ ಗುರುತು. ರಾತ್ರಿಯಿಡೀ ತಣಿಯಲು ಬಿಟ್ಟು ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಸಾಂದ್ರತಾಮಾಪಕ ಇಳಿಬಿಟ್ಟರೆ ಸಾಪೇಕ್ಷ ಸಾಂದ್ರತೆ 1.20 ತೋರಿಸಬೇಕು. ಮಾಪಕದ ಈ ಒಂದು ನಿಮಿಷವನ್ನು ಉಳಿಸಲು ಹೋಗಬೇಡಿ. ತೆಳುವಾದ ದ್ರಾವಣದಲ್ಲಿ ಮೊಟ್ಟೆ ಮೇಲೆ ಬರುವುದಿಲ್ಲ. ನೀವು ‘ಹುಳುವಿಲ್ಲ’ ಎಂದು ಬರೆದು ಮುಂದೆ ಹೋಗಿಬಿಡುತ್ತೀರಿ.

ಪಿತ್ತಜನಕಾಂಗದ ಚಪ್ಪಟೆ ಹುಳುವಿನ ಮೊಟ್ಟೆ ಈ ದ್ರಾವಣದಲ್ಲಿ ತೇಲದಷ್ಟು ಭಾರ. ಅದಕ್ಕೆ ಬರಿನೀರಿನಲ್ಲಿ ಕಲಕಿ, ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ನೀರನ್ನು ಮತ್ತೆ ಮತ್ತೆ ಚೆಲ್ಲಿ, ಗಸಿಯನ್ನು ನೋಡುವ ಬೇರೆಯೇ ವಿಧಾನವಿದೆ. ಆದ್ದರಿಂದ ಇಲ್ಲಿ ಹೇಳುವ ಎಣಿಕೆಯಲ್ಲಿ ಸೊನ್ನೆ ಬಂದರೆ ದುಂಡುಹುಳು ಕಾಣಲಿಲ್ಲ ಎಂದಷ್ಟೇ ಅರ್ಥ.

ಹಂತ 3: ಮಾದರಿ ಸಂಗ್ರಹ

ನೆಲಕ್ಕೆ ಬಿದ್ದ ಹಿಕ್ಕೆ ಯಾವ ಕುರಿಯದೆಂದು ಯಾರೂ ಹೇಳಲಾರರು. ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಹುಳುಗಳು ಕೂಡ ಅದರೊಳಗೆ ನುಗ್ಗಿರುತ್ತವೆ. ಆದ್ದರಿಂದ ಕೈಗವಸಿನ ಬೆರಳಿಗೆ ಜಾರುವ ಜೆಲ್ ಸವರಿಕೊಂಡು ಗುದದ್ವಾರದಿಂದ ನೇರವಾಗಿ ತೆಗೆದುಕೊಳ್ಳಿ. ಒಂದು ಪ್ರಾಣಿಯಿಂದ ಕನಿಷ್ಠ 5 ಗ್ರಾಂ ಬೇಕು. ಪುಟ್ಟ ಮರಿಯಿಂದ ಅಷ್ಟು ಬರದಿದ್ದರೆ ಬಲವಂತ ಮಾಡದೆ ಬಿಟ್ಟು, ಒಂದು ಗಂಟೆಯ ನಂತರ ನೋಡಿ.

ಹಿಕ್ಕೆಯನ್ನು ಪುಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಯನ್ನೆಲ್ಲ ಹಿಂಡಿ ಹೊರಹಾಕಿ ಬಿಗಿಯಾಗಿ ಕಟ್ಟಿ. ಗಾಳಿ ಮತ್ತು ಬಿಸಿ ಸಿಕ್ಕರೆ ಹೀಮಾಂಕಸ್ ಮೊಟ್ಟೆ ಒಂದೆರಡು ದಿನಗಳಲ್ಲೇ ಒಡೆದು ಮರಿಯಾಗುತ್ತದೆ. ಮರಿಯಾದ ಮೊಟ್ಟೆ ನಿಮ್ಮ ಲೆಕ್ಕದಿಂದ ಮಾಯ. ಚೀಲಗಳನ್ನು ಐಸ್ ಇರುವ ಡಬ್ಬಿಯಲ್ಲಿ ಸಾಗಿಸಿ, 4 ಡಿಗ್ರಿಯ ಫ್ರಿಜ್ಜಿನಲ್ಲಿ ಇಡಿ. ಫ್ರೀಜರಿಗೆ ಹಾಕಬೇಡಿ, ಹೆಪ್ಪುಗಟ್ಟಿದ ಮೊಟ್ಟೆ ವಿಕಾರಗೊಳ್ಳುತ್ತದೆ. ಆದಷ್ಟು ಮಟ್ಟಿಗೆ ಮರುದಿನವೇ ಎಣಿಸಿ.

ಚೀಟಿಯ ವಿಷಯದಲ್ಲಿ ನಾನು ಕಲಿತದ್ದನ್ನು ಹೇಳಲೇಬೇಕು. ಮೊದಲ ಸಲ ನಾನು ಶಾಯಿಯ ಪೆನ್ನಿನಿಂದ ಚೀಲಗಳ ಮೇಲೆ ಸಂಖ್ಯೆ ಬರೆದಿದ್ದೆ. ಡಬ್ಬಿಯೊಳಗೆ ಐಸ್ ಕರಗಿ ನೀರು ನಿಂತಿತು. ಸಂಜೆ ತೆರೆದಾಗ 15 ಚೀಲಗಳ ಪೈಕಿ ಆರರ ಸಂಖ್ಯೆ ಕಲೆಯಾಗಿ ಹರಡಿತ್ತು. ಇಡೀ ದಿನ ಮರಿಗಳನ್ನು ಹಿಡಿದು ಕೊಟ್ಟವರ ಶ್ರಮ ನನ್ನ ಅಜಾಗರೂಕತೆಯಿಂದ ನೀರುಪಾಲಾಯಿತು. ಅಂದಿನಿಂದ ಪೆನ್ಸಿಲ್‌ನಲ್ಲಿ ಬರೆದ ಕಾಗದದ ಚೀಟಿಯೊಂದನ್ನು ಇನ್ನೊಂದು ಪುಟ್ಟ ಚೀಲದಲ್ಲಿಟ್ಟು ಮಾದರಿಯ ಜೊತೆಗೇ ಕಟ್ಟುತ್ತೇನೆ. ಕಿವಿಯೋಲೆಯ ಸಂಖ್ಯೆ, ದಿನಾಂಕ, ವಯಸ್ಸು, ತೂಕ, ಕಣ್ಣುರೆಪ್ಪೆಯ ಬಣ್ಣ, ಹಿಕ್ಕೆ ಗಟ್ಟಿಯೋ ಭೇದಿಯೋ, ಇಷ್ಟೂ ಪುಸ್ತಕದಲ್ಲಿ ಅದೇ ಗಳಿಗೆಗೆ ದಾಖಲಾಗಬೇಕು.

ಹಂತ 4: ಮೆಕ್‌ಮಾಸ್ಟರ್ ಗಾಜಿನಲ್ಲಿ ಎಣಿಕೆ

ಸಿಡ್ನಿಯ ಮೆಕ್‌ಮಾಸ್ಟರ್ ಪ್ರಯೋಗಾಲಯದಲ್ಲಿ ಗಾರ್ಡನ್ ಮತ್ತು ವಿಟ್ಲಾಕ್ ಎಂಬ ಸಂಶೋಧಕರು ರೂಪಿಸಿ 1939ರಲ್ಲಿ ಪ್ರಕಟಿಸಿದ ವಿಧಾನ ಇದು. ಎರಡು ಗಾಜಿನ ಫಲಕಗಳ ನಡುವೆ 1.5 ಮಿಲಿಮೀಟರ್ ಎತ್ತರದ ಎರಡು ಪುಟ್ಟ ಕೋಣೆಗಳು. ಪ್ರತಿ ಕೋಣೆಯ ಮೇಲ್ಗಾಜಿನ ಒಳಮೈಯಲ್ಲಿ ಒಂದು ಚದರ ಸೆಂಟಿಮೀಟರಿನ ಗೆರೆಚೌಕ. ಆ ಚೌಕದ ಕೆಳಗೆ ಹಿಡಿಸುವ ದ್ರವ ಕರಾರುವಾಕ್ಕಾಗಿ 0.15 ಮಿಲಿಲೀಟರ್. ವಿಧಾನದ ಜಾಣ್ಮೆಯೆಲ್ಲ ಇಷ್ಟರಲ್ಲೇ ಇದೆ: ತೇಲಿ ಬಂದ ಮೊಟ್ಟೆ ಗೆರೆಗೆ ತಾಗಿ ನಿಲ್ಲುತ್ತದೆ, ಕಸ ಕೆಳಗೇ ಉಳಿಯುತ್ತದೆ, ಕಣ್ಣಿಗೆ ಒಂದೇ ಪದರವನ್ನು ನೋಡುವ ಕೆಲಸ.

ತಕ್ಕಡಿಯಲ್ಲಿ 2 ಗ್ರಾಂ ಹಿಕ್ಕೆ ತೂಗಿ. ಒಂದೇ ಕಾಳಿನಿಂದ ಕೀಳದೆ ಹಲವು ಕಾಳುಗಳಿಂದ ಚೂರು ಚೂರು ತೆಗೆಯಿರಿ, ಮೊಟ್ಟೆಗಳು ಎಲ್ಲ ಕಾಳುಗಳಲ್ಲಿ ಸಮನಾಗಿ ಹಂಚಿರುವುದಿಲ್ಲ. 28 ಮಿಲಿಲೀಟರ್ ಉಪ್ಪುನೀರನ್ನು ಅಳೆದಿಟ್ಟುಕೊಂಡು, ಸ್ವಲ್ಪ ಸುರಿದು ಹಿಕ್ಕೆಯನ್ನು ಚೆನ್ನಾಗಿ ಅರೆಯಿರಿ, ಉಳಿದದ್ದನ್ನು ಸುರಿದು ಕಲಕಿ. ಒಣಗಿದ ಹಿಕ್ಕೆಯಾದರೆ ಹತ್ತು ನಿಮಿಷ ನೆನೆಯಲು ಬಿಡಿ. ಚಹಾ ಸೋಸುವ ಜಾಲರಿಯಲ್ಲಿ ಇನ್ನೊಂದು ಲೋಟಕ್ಕೆ ಸೋಸಿ, ಜಾಲರಿಯಲ್ಲಿ ಉಳಿದ ನಾರನ್ನು ಚಮಚದಿಂದ ಒತ್ತಿ.

ಇನ್ನು ಮುಂದೆ ಚುರುಕಾಗಬೇಕು. ಮೊಟ್ಟೆಗಳು ಲೋಟದಲ್ಲೂ ಮೇಲಕ್ಕೆ ಏಳುತ್ತಲೇ ಇರುತ್ತವೆ. ನಿಂತ ದ್ರವದಿಂದ ಹೀರಿದರೆ ಮೇಲಿನಿಂದ ಹೀರಿದಾಗ ಹೆಚ್ಚು, ತಳದಿಂದ ಹೀರಿದಾಗ ಕಡಿಮೆ ಬರುತ್ತದೆ. ಆದ್ದರಿಂದ ಒಂದು ಕೈಯಲ್ಲಿ ಕಲಕುತ್ತಿರುವಾಗಲೇ ಇನ್ನೊಂದು ಕೈಯಿಂದ ಮಧ್ಯಭಾಗದ ದ್ರವವನ್ನು ಪಿಪೆಟ್ಟಿನಲ್ಲಿ ಎಳೆದು, ಗಾಜನ್ನು ಓರೆಯಾಗಿ ಹಿಡಿದು ಒಂದು ಕೋಣೆ ತುಂಬಿ. ಮತ್ತೆ ಕಲಕಿ, ಮತ್ತೆ ಎಳೆದು ಎರಡನೆಯದನ್ನು ತುಂಬಿ. ಗೆರೆಚೌಕದ ಕೆಳಗೆ ದೊಡ್ಡ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅದನ್ನು ಸುರಿದು ಹೊಸದಾಗಿ ತುಂಬಿ. ಐದು ನಿಮಿಷ ಅಲುಗಿಸದೆ ಬಿಡಿ. ಬಹಳ ಹೊತ್ತು ಬಿಟ್ಟರೆ ಉಪ್ಪಿನ ಹರಳು ಕಟ್ಟುತ್ತದೆ.

ಸೂಕ್ಷ್ಮದರ್ಶಕದ 10 ಪಟ್ಟಿನ ಮಸೂರದಲ್ಲಿ, ಅಂದರೆ ಒಟ್ಟು 100 ಪಟ್ಟು ಹಿಗ್ಗಿಸಿ, ಮೊದಲು ಗೆರೆಗಳು ಸ್ಪಷ್ಟವಾಗುವಂತೆ ಸರಿಪಡಿಸಿಕೊಳ್ಳಿ. ಬೆಳಕು ತುಸು ಮಂದವಾಗಿರಲಿ, ಪ್ರಖರ ಬೆಳಕಿನಲ್ಲಿ ಪಾರದರ್ಶಕ ಮೊಟ್ಟೆ ಕಾಣದೇ ಹೋಗುತ್ತದೆ. ಮೊದಲು ಕಣ್ಣಿಗೆ ಬೀಳುವುದು ಗಾಳಿಗುಳ್ಳೆಗಳು: ದಪ್ಪ ಕಪ್ಪು ಅಂಚಿನ, ಒಳಗೆ ಏನೂ ಇಲ್ಲದ ಪೂರ್ಣ ವೃತ್ತಗಳು. ಮೊಟ್ಟೆಗೆ ಆ ಗಡಸು ಅಂಚಿಲ್ಲ. ನಿಧಾನವಾಗಿ ಗಾಜು ಸರಿಸುತ್ತಾ ಹೋದಾಗ ಗೆರೆಯ ಪಕ್ಕದಲ್ಲಿ ತೆಳ್ಳನೆಯ ಸಿಪ್ಪೆಯ ಅಂಡಾಕಾರವೊಂದು, ಅದರೊಳಗೆ ಹಿಪ್ಪುನೇರಳೆ ಹಣ್ಣಿನಂತೆ ಒತ್ತಾಗಿ ಸೇರಿದ ಬೂದುಗಂದು ಕೋಶಗಳ ಮುದ್ದೆ, ಮುದ್ದೆಗೂ ಸಿಪ್ಪೆಗೂ ನಡುವೆ ತುದಿಗಳಲ್ಲಿ ತಿಳಿಯಾದ ಖಾಲಿ ಜಾಗ. ಇದೇ ಹೀಮಾಂಕಸ್ ಮತ್ತು ಅದರ ಬಳಗದ ಮೊಟ್ಟೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಉಳುವ ಸಾಲಿನಂತೆ ಚೌಕದ ಒಂದೊಂದು ಪಟ್ಟಿಯನ್ನೂ ನೋಡಿ. ಹೊರಗೆರೆಯ ಮೇಲೆ ಕುಳಿತ ಮೊಟ್ಟೆಗಳನ್ನು ಯಾವುದಾದರೂ ಎರಡು ಬದಿಗಳಲ್ಲಿ ಮಾತ್ರ ಎಣಿಸುವ ನಿಯಮ ಇಟ್ಟುಕೊಳ್ಳಿ. ಎರಡೂ ಕೋಣೆಗಳ ಮೊತ್ತವನ್ನು 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿರುವ ಮೊಟ್ಟೆಗಳ ಸಂಖ್ಯೆ ಸಿಗುತ್ತದೆ. 50 ಬಂದದ್ದು ಹೇಗೆಂದರೆ, 2 ಗ್ರಾಂ ಹಿಕ್ಕೆ 30 ಮಿಲಿಲೀಟರಿನಲ್ಲಿ ಹರಡಿದೆ, ಒಂದು ಗ್ರಾಂ 15 ಮಿಲಿಲೀಟರಿನಲ್ಲಿ. ನಾವು ನೋಡಿದ್ದು 0.30 ಮಿಲಿಲೀಟರ್. 15ರಲ್ಲಿ ಅದು ಐವತ್ತನೆಯ ಒಂದು ಪಾಲು. ಪ್ರಮಾಣ ಬದಲಿಸಿದರೆ ಗುಣಕವೂ ಬದಲಾಗುತ್ತದೆ.

ಕಣ್ಣಿಗೆ ಬೀಳುವ ಇತರ ಮೊಟ್ಟೆಗಳನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಎರಡೂ ತುದಿಗೆ ಬಿರಡೆ ಹಾಕಿದ ಪುಟ್ಟ ಪೀಪಾಯಿಯಂತಿದ್ದರೆ ಅದು ಚಾಟಿಹುಳುವಿನದು. ಮೂಲೆಗಳಿರುವ, ಒಳಗೆ ಪೇರಳೆ ಆಕಾರದ ರಚನೆ ಇರುವುದು ಮೋನೀಜಿಯಾ ಎಂಬ ಲಾಡಿಹುಳುವಿನದು. ಇವುಗಳಿಗಿಂತಲೂ ಚಿಕ್ಕದಾಗಿ ರಾಶಿ ರಾಶಿ ಕಾಣುವ ಕಾಕ್ಸಿಡಿಯಾ ಹುಳುವೇ ಅಲ್ಲ, ಏಕಕೋಶ ಜೀವಿ. ಅದಕ್ಕೆ ಜಂತುನಾಶಕ ತಾಗುವುದಿಲ್ಲ. ಭೇದಿಯಾಗುತ್ತಿರುವ ಮರಿಯಲ್ಲಿ ಕಾಕ್ಸಿಡಿಯಾ ತುಂಬಿದ್ದು, ಜಂತುನಾಶಕದ ಮೇಲೆ ಜಂತುನಾಶಕ ಕುಡಿಸುತ್ತಾ ಕುಳಿತರೆ ಮರಿ ಕೈ ತಪ್ಪುತ್ತದೆ.

ಹಂತ 5: ಔಷಧಿ ಕೊಡುವುದು

ಪರೀಕ್ಷೆ ಕೆಡುವುದು ಬಹುಪಾಲು ಇಲ್ಲಿ. ಕಣ್ಣಳತೆಯ ತೂಕ ಯಾವಾಗಲೂ ಕಡಿಮೆಯೇ ಬರುತ್ತದೆಂದು ನನ್ನ ಅನುಭವ. ಪ್ರತಿ ಪ್ರಾಣಿಯನ್ನೂ ತೂಗಿ. ಔಷಧಿ ಕುಡಿಸುವ ಸಿರಿಂಜಿನಿಂದ ನೀರು ಎಳೆದು ಅಳತೆ ಲೋಟಕ್ಕೆ ಹತ್ತು ಸಲ ಬಿಟ್ಟು, ಅದು ತೋರಿಸುವಷ್ಟೇ ನಿಜವಾಗಿಯೂ ಬರುತ್ತಿದೆಯೇ ನೋಡಿ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ತಳಕ್ಕೆ ಕುಳಿತ ಔಷಧಿ ಮೇಲೆ ಬರಲಿ. ಅವಧಿ ಮುಗಿದದ್ದು, ಬಿಸಿಲಿನಲ್ಲಿ ಇಟ್ಟದ್ದು ಬೇಡ. ಸಿರಿಂಜನ್ನು ನಾಲಿಗೆಯ ಬುಡದ ಹಿಂದಕ್ಕೆ ತೂರಿಸಿ ನಿಧಾನವಾಗಿ ಬಿಡಿ. ತಲೆಯನ್ನು ಮೇಲಕ್ಕೆತ್ತಿ ಬಲವಂತವಾಗಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಕಡಿಮೆ ಪ್ರಮಾಣ ಅರ್ಧ ಒಳ್ಳೆಯದೆಂದು ತಿಳಿಯಬಾರದು. ಬಲಹೀನ ಹುಳುಗಳನ್ನು ಮಾತ್ರ ಕೊಂದು, ಅರೆಬರೆ ತಾಳುವವನ್ನು ಉಳಿಸಿ, ಅವೇ ಮುಂದಿನ ಪೀಳಿಗೆಗೆ ತಾಯಿತಂದೆಯಾಗುವಂತೆ ಮಾಡುವುದು ಅದೇ. ಮೇಕೆಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮೇಕೆಯ ದೇಹ ಹಲವು ಜಂತುನಾಶಕಗಳನ್ನು ಕುರಿಗಿಂತ ಬೇಗ ಹೊರಹಾಕುತ್ತದೆ, ಹಾಗಾಗಿ ಕುರಿಯ ಪ್ರಮಾಣ ಮೇಕೆಗೆ ಸಾಲುವುದಿಲ್ಲ. ಎಷ್ಟು ಹೆಚ್ಚಿಸಬೇಕೆಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು. ವಿಶೇಷವಾಗಿ ಲೆವಾಮಿಸೋಲ್ ಎಂಬ ಜಂತುನಾಶಕದಲ್ಲಿ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಗಬ್ಬದ ಮೊದಲ ದಿನಗಳಲ್ಲಿ ಆಲ್ಬೆಂಡಜೋಲ್ ಬೇಡ, ಹೊಟ್ಟೆಯಲ್ಲಿರುವ ಮರಿಗೆ ತೊಂದರೆ. ಹಾಲು ಮಾಂಸ ಬಳಸಲು ಎಷ್ಟು ದಿನ ಕಾಯಬೇಕೆಂದು ಬಾಟಲಿಯ ಮೇಲೆ ಬರೆದಿರುತ್ತದೆ, ಅದನ್ನೂ ಪುಸ್ತಕಕ್ಕೆ ಇಳಿಸಿ.

ಹಂತ 6: ಎರಡನೆಯ ಮಾದರಿ

ಔಷಧಿ ಕೊಟ್ಟ ಮೇಲೆ ಕಾಯಬೇಕಾದದ್ದು ಇಷ್ಟು: ಆಲ್ಬೆಂಡಜೋಲ್ ಸೇರಿರುವ ಬೆಂಜಿಮಿಡಜೋಲ್ ಗುಂಪಿನ ಔಷಧಿಗೆ 10ರಿಂದ 14 ದಿನ, ಐವರ್ಮೆಕ್ಟಿನ್ ಗುಂಪಿಗೆ 14ರಿಂದ 17 ದಿನ, ಲೆವಾಮಿಸೋಲ್‌ಗೆ ಒಂದು ವಾರದ ಆಸುಪಾಸು. ಈ ವ್ಯತ್ಯಾಸಕ್ಕೆ ಕಾರಣವಿದೆ. ಮೊದಲೆರಡು ಗುಂಪಿನ ಔಷಧಿಗಳು ಬದುಕುಳಿದ ಹೆಣ್ಣುಹುಳುವಿಗೂ ಕೆಲವು ದಿನ ಮೊಟ್ಟೆ ಇಡಲು ಬಿಡುವುದಿಲ್ಲ. ಮೂರನೆಯ ದಿನವೇ ಎಣಿಸಿದರೆ ಸೊನ್ನೆ ಬರುತ್ತದೆ, ಹುಳು ಮಾತ್ರ ಒಳಗೇ ಇರುತ್ತದೆ. ಲೆವಾಮಿಸೋಲ್ ಎಳೆಯ ಹುಳುಗಳನ್ನು ಅಷ್ಟಾಗಿ ಕೊಲ್ಲುವುದಿಲ್ಲ. ತಡಮಾಡಿದರೆ ಅವು ಬೆಳೆದು ಮೊಟ್ಟೆ ಇಟ್ಟು, ಔಷಧಿ ಸೋತಿತೆಂಬ ತಪ್ಪು ಕಲ್ಪನೆ ಹುಟ್ಟಿಸುತ್ತವೆ. ಮೂರು ವಾರ ದಾಟಿದ ಮೇಲಂತೂ ಹುಲ್ಲಿನಿಂದ ಹೊಸದಾಗಿ ಸೇರಿದ ಹುಳುಗಳ ಮೊಟ್ಟೆಯೂ ಬೆರೆತು ಪರೀಕ್ಷೆಗೆ ಅರ್ಥ ಉಳಿಯುವುದಿಲ್ಲ.

ಅವೇ ಪ್ರಾಣಿಗಳು, ಅದೇ ದ್ರಾವಣ, ಅದೇ ಗುಣಕ, ಸಾಧ್ಯವಾದರೆ ಎಣಿಸುವವರೂ ಅವರೇ. ಯಾವುದು ಮೊದಲಿನ, ಯಾವುದು ನಂತರದ ಮಾದರಿ ಎಂದು ಎಣಿಸುವವರಿಗೆ ಗೊತ್ತಾಗದಂತೆ ಸಂಕೇತ ಸಂಖ್ಯೆ ಕೊಟ್ಟರೆ ಇನ್ನೂ ಒಳ್ಳೆಯದು.

ಹಂತ 7: ಲೆಕ್ಕ

ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ಉದಾಹರಣೆ ನೋಡೋಣ. 15 ಮರಿಗಳ ಗಾಜುಗಳಲ್ಲಿ ಔಷಧಿಗೆ ಮೊದಲು ಒಟ್ಟು 312 ಮೊಟ್ಟೆ ಕಂಡಿವೆ. 14 ದಿನಗಳ ನಂತರ 47. ಇಳಿದದ್ದು 265. ಅದನ್ನು 312ರಿಂದ ಭಾಗಿಸಿ 100ರಿಂದ ಗುಣಿಸಿದರೆ 84.9. ಅಂದರೆ ಇಳಿಕೆ ಶೇಕಡಾ 85ರ ಸಮೀಪ.

ಕೇಳುವುದಕ್ಕೆ ಇದು ಒಳ್ಳೆಯ ಅಂಕ. ಕುರಿ ಮೇಕೆಗಳ ಮಟ್ಟಿಗೆ ಇದು ಸೋಲು. ಪಶುವೈದ್ಯಕೀಯ ಪರಾವಲಂಬಿ ಶಾಸ್ತ್ರದ ವಿಶ್ವ ಸಂಘ 1992ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಇಳಿಕೆ ಶೇಕಡಾ 95ಕ್ಕಿಂತ ಕೆಳಗಿದ್ದು, ವಿಶ್ವಾಸ ಅಂತರದ (ನಿಜವಾದ ಇಳಿಕೆ ಇರಬಹುದಾದ ವ್ಯಾಪ್ತಿಯ) ಕೆಳ ಅಂಚು 90ಕ್ಕಿಂತ ಕೆಳಗೆ ಬಂದರೆ ಹುಳು ಔಷಧಿಗೆ ಒಗ್ಗಿಕೊಂಡಿದೆ ಎಂದೇ ಅರ್ಥ. ಎರಡರಲ್ಲಿ ಒಂದೇ ಲಕ್ಷಣ ಇದ್ದರೆ ಸಂಶಯದ ಪಟ್ಟಿಗೆ ಸೇರಿಸಬೇಕು. ವಿಶ್ವಾಸ ಅಂತರವನ್ನು ಕೈಲೆಕ್ಕದಲ್ಲಿ ಮಾಡುವುದು ಕಷ್ಟ, ಸಂಖ್ಯಾಶಾಸ್ತ್ರ ಬಲ್ಲವರ ಅಥವಾ ತಂತ್ರಾಂಶದ ನೆರವು ಪಡೆಯಿರಿ.

ಅದೇ ಸಂಘ 2023ರಲ್ಲಿ ಪ್ರಕಟಿಸಿದ ಹೊಸ ಮಾರ್ಗಸೂಚಿ ಅವೇ ಪ್ರಾಣಿಗಳನ್ನು ಮೊದಲು ಮತ್ತು ನಂತರ ನೋಡುವ ಪದ್ಧತಿಗೆ ಒತ್ತು ಕೊಡುತ್ತದೆ. ಗುಣಿಸಿ ಬಂದ ಸಂಖ್ಯೆಗಿಂತ ಗಾಜಿನಲ್ಲಿ ಕಣ್ಣಾರೆ ಕಂಡ ಮೊಟ್ಟೆಗಳು ಒಟ್ಟು ಎಷ್ಟು ಎಂಬುದಕ್ಕೆ ಅದು ಮಹತ್ವ ಕೊಟ್ಟಿದೆ. ಇದು ಬಹಳ ಸರಿಯಾದ ಮಾತು. ಇಡೀ ಗುಂಪಿನಲ್ಲಿ ಮೊದಲು ಮೂರೇ ಮೊಟ್ಟೆ ಕಂಡು ನಂತರ ಸೊನ್ನೆ ಬಂದರೆ ಕಾಗದದ ಮೇಲೆ ಇಳಿಕೆ ಶೇಕಡಾ 100. ಆದರೆ ಆ ಮೂರರಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಉಳಿದದ್ದು ಯಾವ ಹುಳು?

ಹೀಮಾಂಕಸ್, ಟ್ರೈಕೊಸ್ಟ್ರಾಂಜಿಲಸ್, ಈಸೊಫ್ಯಾಗೊಸ್ಟೊಮಮ್ ಎಂಬ ದುಂಡುಹುಳುಗಳ ಮೊಟ್ಟೆಗಳು ಅಕ್ಕತಂಗಿಯರಂತೆ, ನೋಡಿ ಬೇರ್ಪಡಿಸುವುದು ಕಷ್ಟ. ಅದಕ್ಕೆ ಹಿಕ್ಕೆಯನ್ನು ಪುಡಿ ಮಾಡಿ ತೇವವಾಗಿಟ್ಟು, ಸುಮಾರು 25ರಿಂದ 27 ಡಿಗ್ರಿ ಬಿಸಿಯಲ್ಲಿ 7ರಿಂದ 10 ದಿನ ಬಿಟ್ಟರೆ ಮೊಟ್ಟೆಯೊಡೆದು ಮರಿಗಳು ಮೂರನೆಯ ಹಂತಕ್ಕೆ ಬೆಳೆಯುತ್ತವೆ. ಬಾಲದ ಉದ್ದ, ಕರುಳಿನ ಕೋಶಗಳ ಸಂಖ್ಯೆ ನೋಡಿ ಜಾತಿ ಗುರುತಿಸಬಹುದು. ಹೀಗೆ ಮರಿ ಬೆಳೆಸಲು ಬಳಸುವ ಮಾದರಿಯನ್ನು ಫ್ರಿಜ್ಜಿನಲ್ಲಿ ಇಡಬಾರದು, ಚಳಿಗೆ ಹೀಮಾಂಕಸ್ ಮೊಟ್ಟೆ ಸತ್ತು, ಅದು ಇಲ್ಲವೇ ಇಲ್ಲ ಎಂಬ ಫಲಿತಾಂಶ ಬರುತ್ತದೆ. ಎಣಿಕೆಗೆ ಒಂದು ಚೀಲ, ಮರಿ ಬೆಳೆಸಲು ಇನ್ನೊಂದು ಎಂದು ಮೊದಲೇ ಬೇರ್ಪಡಿಸಿ.

ಮನುಷ್ಯರಲ್ಲಿ ಇದೇ ಪರೀಕ್ಷೆ

ಮಣ್ಣಿನ ಮೂಲಕ ಹರಡುವ ಜಂತುಹುಳುಗಳು ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಲ್ಲಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದುಂಡುಹುಳು (ಇಲ್ಲಿ ಆಸ್ಕರಿಸ್ ಎಂಬುದು), ಚಾಟಿಹುಳು, ಕೊಕ್ಕೆಹುಳು ಇವುಗಳಲ್ಲಿ ಮುಖ್ಯ. ಇಲ್ಲಿ ಬಳಸುವುದು ಕಾಟೋ–ಕಾಟ್ಜ್ ವಿಧಾನ. ಮಲವನ್ನು ಜಾಲರಿಯಲ್ಲಿ ಒತ್ತಿ ಸೋಸಿ, ಅಚ್ಚಿನ ತೂತಿಗೆ ತುಂಬಿ ಗಾಜಿನ ಮೇಲೆ ಇಡುತ್ತಾರೆ. ತೂತು ಹಿಡಿಯುವುದು 41.7 ಮಿಲಿಗ್ರಾಂ, ಹಾಗಾಗಿ ಎಣಿಕೆಯನ್ನು 24ರಿಂದ ಗುಣಿಸಿದರೆ ಒಂದು ಗ್ರಾಮಿಗೆ ಲೆಕ್ಕ ಸಿಗುತ್ತದೆ. ಗ್ಲಿಸರಿನ್‌ನಲ್ಲಿ ನೆನೆಸಿದ ಸೆಲೊಫೇನ್ ಹಾಳೆ ಮುಚ್ಚಿ ಒತ್ತಿದರೆ ಮಲ ತಿಳಿಯಾಗಿ ಮೊಟ್ಟೆ ಎದ್ದು ಕಾಣುತ್ತದೆ. ತಡಮಾಡಿದರೆ ಅದೇ ಗ್ಲಿಸರಿನ್ ಕೊಕ್ಕೆಹುಳುವಿನ ತೆಳುಸಿಪ್ಪೆಯ ಮೊಟ್ಟೆಯನ್ನೂ ತಿಳಿಯಾಗಿಸಿ ಅಳಿಸಿಬಿಡುತ್ತದೆ. ಆದ್ದರಿಂದ ಕೊಕ್ಕೆಹುಳುವನ್ನು 30ರಿಂದ 60 ನಿಮಿಷಗಳೊಳಗೆ ಎಣಿಸಿ, ಉಳಿದವನ್ನು ನಂತರ ನೋಡಿ. ಒಂದೇ ಮಾದರಿಯಿಂದ ಎರಡು ಗಾಜು ಮಾಡುವುದು ವಾಡಿಕೆ.

ಔಷಧಿ ಕೊಟ್ಟು 14ರಿಂದ 21 ದಿನಗಳ ನಡುವೆ ಮರು ಎಣಿಕೆ. ಆಲ್ಬೆಂಡಜೋಲ್ 400 ಮಿಲಿಗ್ರಾಂ ಒಂದು ಗುಳಿಗೆಗೆ ದುಂಡುಹುಳುವಿನ ಮೊಟ್ಟೆ ಶೇಕಡಾ 95ರಷ್ಟಾದರೂ, ಕೊಕ್ಕೆಹುಳುವಿನದು 90ರಷ್ಟಾದರೂ ಇಳಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಚಾಟಿಹುಳುವಿಗೆ ಆ ಗೆರೆ 50ರಲ್ಲೇ ಇದೆ. ಅಂದರೆ ಚಾಟಿಹುಳುವಿಗೆ ಈ ಔಷಧಿ ಹುಟ್ಟಾ ದುರ್ಬಲ. ಅದನ್ನು ನೋಡಿ ಹುಳು ಒಗ್ಗಿಕೊಂಡಿತೆಂದು ಗಾಬರಿಯಾಗಬೇಕಿಲ್ಲ.

ಮನುಷ್ಯರ ಅಧ್ಯಯನಕ್ಕೆ ನೀತಿ ಸಮಿತಿಯ ಅನುಮತಿ, ದೊಡ್ಡವರ ಲಿಖಿತ ಒಪ್ಪಿಗೆ, ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕೇ ಬೇಕು. ಮಲದ ಡಬ್ಬಿ ಕೊಡುವಾಗ ಜನರಿಗೆ ಆಗುವ ನಾಚಿಕೆಯನ್ನು ಹಗುರವಾಗಿ ಕಾಣಬೇಡಿ. ಹೆಸರು ಬರೆಯದೆ ಸಂಖ್ಯೆ ಬರೆದ ಮುಚ್ಚಳದ ಡಬ್ಬಿ ಕೊಡಿ. ಫಲಿತಾಂಶವನ್ನು ಅವರವರಿಗೆ ಮಾತ್ರ ತಿಳಿಸಿ. ಹುಳು ಉಳಿದವರಿಗೆ ಚಿಕಿತ್ಸೆ ಮುಗಿಯುವವರೆಗೆ ಅಧ್ಯಯನ ಮುಗಿಯಿತೆಂದು ಎದ್ದು ಹೋಗುವಂತಿಲ್ಲ.

ಔಷಧಿ ಸೋತಿದೆ ಎಂದಾದರೆ

ಮೊದಲು ನಿಮ್ಮ ಕೆಲಸವನ್ನೇ ಅನುಮಾನಿಸಿ: ತೂಕ ಸರಿಯಿತ್ತೇ, ಸಿರಿಂಜು ಸರಿಯಿತ್ತೇ, ದಿನಗಳ ಲೆಕ್ಕ ಸರಿಯಿತ್ತೇ? ಎಲ್ಲವೂ ಸರಿಯಿದ್ದರೆ ಬಾಟಲಿಯ ಹೆಸರನ್ನಲ್ಲ, ಔಷಧಿಯ ಗುಂಪನ್ನೇ ಬದಲಿಸಬೇಕು. ಆಲ್ಬೆಂಡಜೋಲ್ ಸೋತಲ್ಲಿ ಫೆನ್‌ಬೆಂಡಜೋಲ್ ಕೊಟ್ಟು ಪ್ರಯೋಜನವಿಲ್ಲ, ಎರಡೂ ಒಂದೇ ಗುಂಪಿನವು. ಹೊಸ ಗುಂಪಿನ ಔಷಧಿಯನ್ನೂ ಇದೇ ಪರೀಕ್ಷೆಗೆ ಒಡ್ಡಿ.

ಜೊತೆಗೆ, ಇಡೀ ಮಂದೆಗೆ ಒಂದೇ ದಿನ ಕುಡಿಸುವ ರೂಢಿ ಬಿಡಿ. ಮಂದೆಯ ಹುಳುಗಳಲ್ಲಿ ಹೆಚ್ಚಿನ ಪಾಲು ಕೆಲವೇ ಪ್ರಾಣಿಗಳ ಹೊಟ್ಟೆಯಲ್ಲಿರುತ್ತದೆ. ಅವನ್ನು ಹುಡುಕಲು ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚ ಎಂಬ ಬಣ್ಣದ ಪಟ್ಟಿ ನೆರವಾಗುತ್ತದೆ. ಹಗಲು ಬೆಳಕಿನಲ್ಲಿ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೃದುವಾಗಿ ಕೆಳಗೆ ಸರಿಸಿ ಒಳಬಣ್ಣವನ್ನು ಪಟ್ಟಿಯ ಐದು ಬಣ್ಣಗಳಿಗೆ ಹೋಲಿಸಬೇಕು. ಕಡುಗೆಂಪು 1, ಕಾಗದದಂಥ ಬಿಳಿ 5. ನಾಲ್ಕು ಐದು ಬಂದವಕ್ಕೆ ಔಷಧಿ ಕೊಡಲೇಬೇಕು. ಮೂರು ಬಂದವನ್ನು ಮರಿಗಳಲ್ಲಿ, ಗಬ್ಬದ ಮತ್ತು ಹಾಲೂಡಿಸುವ ಕುರಿಗಳಲ್ಲಿ ಬಿಡುವುದು ಬೇಡ. ಒಂದು ಎರಡು ಬಂದವನ್ನು ಹಾಗೇ ಬಿಡಿ. ಅವುಗಳ ಹೊಟ್ಟೆಯಲ್ಲಿ ಔಷಧಿಯನ್ನೇ ಕಾಣದ ಹುಳುಗಳು ಉಳಿದು, ಅವುಗಳ ಸಂತತಿ ಒಗ್ಗಿಕೊಂಡ ಹುಳುಗಳ ಸಂತತಿಯೊಡನೆ ಬೆರೆತು ಔಷಧಿಯ ಆಯುಷ್ಯ ಹೆಚ್ಚುತ್ತದೆ. ಈ ಪಟ್ಟಿ ರಕ್ತ ಹೀರುವ ಹುಳುವಿಗೆ ಮಾತ್ರ ಸಲ್ಲುತ್ತದೆ. ಭೇದಿ ತರುವ ಟ್ರೈಕೊಸ್ಟ್ರಾಂಜಿಲಸ್ ರೆಪ್ಪೆಯ ಬಣ್ಣ ಬದಲಿಸುವುದಿಲ್ಲ.

ಹೊಸದಾಗಿ ತಂದ ಪ್ರಾಣಿಯನ್ನು ನೇರವಾಗಿ ಮಂದೆಗೆ ಬಿಡಬೇಡಿ. ಬೇರೊಬ್ಬರ ಮಂದೆಯಲ್ಲಿ ಪಳಗಿದ ಹುಳು ಬರುವುದು ಹೀಗೆಯೇ. ಬೇರೆ ಕಟ್ಟಿ, ಪಶುವೈದ್ಯರು ಹೇಳಿದ ಔಷಧಿ ಕೊಟ್ಟು, 14 ದಿನಕ್ಕೆ ಹಿಕ್ಕೆ ಎಣಿಸಿ, ಸೊನ್ನೆ ಬಂದ ಮೇಲೆ ಒಳಗೆ ಸೇರಿಸಿ.

ಎಣಿಕೆ ಮುಗಿದ ತಕ್ಷಣ ಗಾಜನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ಉಪ್ಪು ಒಣಗಿ ಹರಳಾದರೆ ಗೆರೆಚೌಕ ಮಸುಕಾಗುತ್ತದೆ, ಹಿಂದಿನ ಕುರಿಯ ಮೊಟ್ಟೆ ಮುಂದಿನ ಕುರಿಯ ಲೆಕ್ಕಕ್ಕೆ ಸೇರುತ್ತದೆ. ಉಳಿದ ಹಿಕ್ಕೆಯನ್ನು ಮೇಯುವ ಜಾಗದಿಂದ ದೂರ ಹೂಳಿ ಅಥವಾ ಸುಡಿ. ಪುಸ್ತಕದಲ್ಲಿ ಇಂದಿನ ಪುಟದ ಕೆಳಗೆ ಔಷಧಿಯ ಗುಂಪು, ಇಳಿಕೆಯ ಶೇಕಡಾವಾರು, ಮುಂದಿನ ಪರೀಕ್ಷೆಯ ದಿನಾಂಕ ಬರೆದು, ಅದೇ ಪುಟಕ್ಕೆ ಬಾಟಲಿಯ ಚೀಟಿಯನ್ನು ಅಂಟಿಸಿಡಿ.